ಕಿವಿಗೊಂದು ಪ್ರವಾಸ

ಬೇಸಿಗೆ ರಜೆಗೆ ಶಿಕಾರಿಪುರಕ್ಕೆ ಬಂದಿದ್ದ ಮೊಮ್ಮಗಳು ಒಂದು ಸಂಜೆ ಜಗಲಿಯಲ್ಲಿ ನನ್ನ ಪಕ್ಕ ಕೂತು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಕ್ರೊಯೇಷಿಯಾ ದೇಶದ ಜಾದರ್ ಎಂಬ ಊರು. ಅಲ್ಲಿ ಸಮುದ್ರದ ದಂಡೆಗೆ ಉದ್ದಕ್ಕೂ ಮೆಟ್ಟಿಲು ಕಟ್ಟಿದ್ದಾರೆ, ಮೆಟ್ಟಿಲ ಕೆಳಗೆ 35 ಕೊಳವೆಗಳಿವೆ. ಅಲೆ ನುಗ್ಗಿದಾಗ ಕೊಳವೆಯೊಳಗಿನ ಗಾಳಿ ತಳ್ಳಿಸಿಕೊಂಡು ಸ್ವರ ಹೊರಡುತ್ತದೆ. ನಿಕೋಲಾ ಬಾಷಿಚ್ ಎಂಬ ವಾಸ್ತುಶಿಲ್ಪಿ 2005ರಲ್ಲಿ ಮಾಡಿದ್ದಂತೆ. ಬಾರಿಸುವವರು ಯಾರೂ ಇಲ್ಲ, ಸಮುದ್ರವೇ ಬಾರಿಸುತ್ತದೆ. ಜನ ಮೆಟ್ಟಿಲ ಮೇಲೆ ಸುಮ್ಮನೆ ಕೂತು ಕೇಳುತ್ತಾರೆ.

"ಹೆಂಗಿದೆ ಅಜ್ಜ?"

"ಚೆನ್ನಾಗಿದೆ ಪುಟ್ಟಿ" ಎಂದೆ. ನಿಜ ಹೇಳಬೇಕೆಂದರೆ ನನಗೆ ಕೇಳಿಸಿದ್ದು ಬರೀ ಗೊರಗೊರ.

ಮಕ್ಕಳೇ, ವಯಸ್ಸಾದವರ ಕಿವಿ ಒಂದೇ ಸಲ ಮುಚ್ಚಿಹೋಗುವುದಿಲ್ಲ. ಮೊದಲು ಹೋಗುವುದು ಸಣ್ಣ, ಚೂಪು ಸದ್ದುಗಳು: ಗುಬ್ಬಿಯ ಚಿಲಿಪಿಲಿ, ಕುಕ್ಕರಿನ ಸೀಟಿ, ಮಾತಿನೊಳಗಿನ ಸ, ಶ, ಚ. ತಮಟೆ, ಗುಡುಗು ಚೆನ್ನಾಗಿಯೇ ಕೇಳುತ್ತವೆ. ಅದಕ್ಕೇ ಮನೆಯವರು "ನಿಮಗೆ ಬೇಕಾದ್ದು ಮಾತ್ರ ಕೇಳುತ್ತೆ" ಎಂದು ಬೈಯುವುದು. ಒಮ್ಮೆ ನನ್ನಾಕೆ ಶೇಂಗಾ ತನ್ನಿ ಎಂದರೆ ತೆಂಗಿನಕಾಯಿ ತಂದಿದ್ದೆ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ನಾಣ್ಯ ಬಿದ್ದ ಸದ್ದಿಗೇ ಅದು ಎಷ್ಟರದೆಂದು ಹೇಳುತ್ತಿದ್ದವನು ನಾನು! ಮಗ ಎರಡು ವರ್ಷದ ಹಿಂದೆ ಕೊಡಿಸಿದ ಕಿವಿ ಮಿಷನ್ ಬೀರುವಿನಲ್ಲೇ ಇತ್ತು. ಹಾಕಿಕೊಳ್ಳಲು ಏನೋ ನಾಚಿಕೆ.

"ನಮ್ಮ ಕಡೆ ಇಂಥದ್ದಿಲ್ವಾ, ಕಟ್ಟಡನೇ ಸದ್ದು ಮಾಡೋದು?" ಎಂದು ಅವಳು ಕೇಳಿದಳು. ಯಾರಿಗಾದರೂ ಮೊದಲು ನೆನಪಾಗುವುದು ವಿಜಯಪುರದ ಗೋಲಗುಮ್ಮಟ. 1656ರ ಕಟ್ಟಡ. ಪಿಸುಮಾತಿನ ಗ್ಯಾಲರಿಯಲ್ಲಿ ಈ ಕಡೆಯ ಗೋಡೆಗೆ ಉಸುರಿದ್ದು ಆ ಕಡೆಯ ಗೋಡೆಗೆ ಕೇಳುತ್ತದೆ. ಆದರೆ ಅದು ದೂರ. "ಹತ್ತಿರದಲ್ಲೇ ಇದೆ, ನಾಳೆ ಹೋಗೋಣ" ಎಂದೆ. ಎಲ್ಲಿಗೆಂದು ಆಗಿನ್ನೂ ನನಗೇ ಪೂರಾ ಗೊತ್ತಿರಲಿಲ್ಲ.

ಬೆಳಿಗ್ಗೆ ಮಿಷನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಶಿರಾಳಕೊಪ್ಪದ ಬಸ್ಸು ಹತ್ತಿದೆವು. ಅಲ್ಲಿಂದ ಆಟೊದಲ್ಲಿ ಬಳ್ಳಿಗಾವಿ. ಶಾಲಾ ಪ್ರವಾಸಗಳಲ್ಲಿ ಕೇದಾರೇಶ್ವರ ದೇವಸ್ಥಾನವನ್ನು ಎಲ್ಲರೂ ನೋಡಿರುತ್ತಾರೆ. ನಾವು ನೋಡಲು ಹೋಗಿರಲಿಲ್ಲ, ಕೇಳಲು ಹೋಗಿದ್ದೆವು. ಹೊರಗಿನ ಸಭಾಮಂಟಪ ದಾಟಿ, ಗರ್ಭಗುಡಿಗಳ ಮುಂದಿನ ಅರೆಗತ್ತಲೆಗೆ ಬಂದು ನಿಂತೆವು.

"ಒಂದು ಚಪ್ಪಾಳೆ ತಟ್ಟು" ಎಂದೆ. ತಟ್ಟಿದಳು. ಗೋಲಗುಮ್ಮಟದ ಹಾಗೆ ಮರುದನಿ ಬರಲಿಲ್ಲ. ಬರುವುದೂ ಇಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅದು ಗೋಡೆಗೆ ಬಡಿದು ಬೇರೆ ಸದ್ದಾಗಿ ಕೇಳಬೇಕಾದರೆ ಗೋಡೆ ಕಡೇಪಕ್ಷ 17 ಮೀಟರ್ ದೂರವಿರಬೇಕು. ಹತ್ತಿರದ ಗೋಡೆಗಳ ನಡುವೆ ಅದು ಮತ್ತೆ ಮತ್ತೆ ಬಡಿದು, ಮೂಲ ಸದ್ದಿಗೇ ಸೇರಿಕೊಂಡು, ಗುಂಯ್ ಎಂದು ಎಳೆದುಕೊಳ್ಳುತ್ತದೆ. ಕಲ್ಲು ಸದ್ದನ್ನು ಹೀರುವುದು ಬಹಳ ಕಡಿಮೆ. ಹಾಸಿಗೆ, ಪರದೆ ತುಂಬಿದ ಕೋಣೆಯಲ್ಲಿ ತಟ್ಟಿ ನೋಡಿ, ವ್ಯತ್ಯಾಸ ತಿಳಿಯುತ್ತದೆ.

"ಈಗ ತಗ್ಗಿದ ದನಿಯಲ್ಲಿ ಓಂ ಅನ್ನು, ಉದ್ದಕ್ಕೆ."

ಅಂದಳು. ಅದು ನನಗೆ ಪೂರ್ತಿ ಕೇಳಿಸಿತು, ಮಿಷನ್ ಇಲ್ಲದೆ! ಕಿವಿಗಷ್ಟೇ ಅಲ್ಲ, ಎದೆಗೂ ತಾಗಿದಂತಿತ್ತು. ನಾನೂ ದನಿಗೂಡಿಸಿದೆ. ಇಬ್ಬರು ಹತ್ತು ಜನರಾದಂತಾಯಿತು.

ಉತ್ಸಾಹ ಬಂದು ಮಿಷನ್ ತೆಗೆದು ಕಿವಿಗಿಟ್ಟುಕೊಂಡೆ. ಅಷ್ಟರಲ್ಲಿ ಒಂದು ಸಂಸಾರ ಒಳಗೆ ಬಂತು. ಮಕ್ಕಳ ಓಟ, ಬಳೆಯ ಸದ್ದು, ಯಾರದೋ ಫೋನು, ಎಲ್ಲ ಒಂದರ ಮೇಲೊಂದು ಬಿದ್ದು ತಲೆಯೊಳಗೆ ಸಂತೆ ನೆರೆಯಿತು. ಪುಟ್ಟಿ ಏನೋ ಹೇಳುತ್ತಿದ್ದಳು, ಒಂದಕ್ಷರ ತಿಳಿಯಲಿಲ್ಲ. ಕಿತ್ತು ಜೇಬಿಗೆ ಹಾಕಿದೆ. ಇನ್ನು ಇದು ಬೀರುವಿಗೇ ಸರಿ ಎಂದುಕೊಂಡೆ. ಅವಳ ಮುಖ ಸ್ವಲ್ಪ ಸಣ್ಣಗಾಯಿತು.

ಹೊರಗೆ ಕಟ್ಟೆಯ ಮೇಲೆ ಕೂತು ಅವಳಿಗೆ ಕೋಡಿಯಮಠದ ಕತೆ ಹೇಳಿದೆ. ಈ ದೇವಸ್ಥಾನಕ್ಕೆ ಸೇರಿದ್ದ ಮಠ ಅದು. 1162ರ ಶಾಸನವೊಂದು ಅದನ್ನು ಬಣ್ಣಿಸುತ್ತದೆ. ಅಲ್ಲಿ ವೇದ, ವ್ಯಾಕರಣಗಳ ಪಾಠ ನಡೆಯುತ್ತಿತ್ತು, ರೋಗಿಗಳಿಗೆ ಔಷಧ ಸಿಗುತ್ತಿತ್ತು. ಅನ್ನ ಹಾಕುತ್ತಿದ್ದುದು ಯಾರಿಗೆ ಎಂಬ ಪಟ್ಟಿಯೂ ಇದೆ: ಹಾಡುವವರು, ವಾದ್ಯ ಬಾರಿಸುವವರು, ಕುಂಟರು, ಕುರುಡರು, ಕಿವುಡರು. "ನಿನ್ನಜ್ಜನಿಗೂ ಒಂದೆಲೆ ಸಿಗ್ತಿತ್ತು" ಎಂದೆ. ಮದ್ದಳೆ ಬಾರಿಸುತ್ತಿದ್ದನೆಂದು ಹೇಳುವ ಅಲ್ಲಮಪ್ರಭುವೂ ಇದೇ ಊರಿನವನು. ಅಂಥ ಮದ್ದಳೆ ಈ ಕಲ್ಲುಗಳ ನಡುವೆ ಹೇಗೆ ಕೇಳಿಸಿರಬಹುದು ಎಂದು ಇಬ್ಬರೂ ಸ್ವಲ್ಪ ಹೊತ್ತು ಊಹಿಸಿದೆವು.

ಹೊತ್ತು ಇನ್ನೂ ಇತ್ತು. ಆನವಟ್ಟಿಯ ಕಡೆ ಹೊರಟೆವು. ಅದು ಸೊರಬ ತಾಲ್ಲೂಕು. ಆನವಟ್ಟಿ ಹತ್ತಿರದ ಕುಬಟೂರಿನಲ್ಲಿ ಕೈಟಭೇಶ್ವರ ದೇವಸ್ಥಾನವಿದೆ, ಸುಮಾರು 1100ರ ಹೊತ್ತಿನದು. ಬಳ್ಳಿಗಾವಿಗೆ ಬರುವವರಲ್ಲಿ ಕಾಲು ಭಾಗ ಜನವೂ ಇಲ್ಲಿಗೆ ಬರುವುದಿಲ್ಲವೆಂದು ನನ್ನ ಲೆಕ್ಕ. ಅದರ ಭಾಗ್ಯವೋ ದೌರ್ಭಾಗ್ಯವೋ! ಮುಂದಿನ ಮಂಟಪ ಬಲು ದೊಡ್ಡದು, ಸುತ್ತ ಗೋಡೆಯೇ ಇಲ್ಲ. ಮೋಟು ಗೋಡೆಗೆ ಸೇರಿದ ಕಲ್ಲಿನ ಆಸನ, ಕನ್ನಡಿಯಂತೆ ನುಣುಪಾದ ಕಂಬಗಳು, ಅವುಗಳ ನಡುವೆ ಗಾಳಿ.

ಅಲ್ಲಿ ಪುಟ್ಟಿ ತಾನಾಗಿಯೇ ಚಪ್ಪಾಳೆ ತಟ್ಟಿದಳು. ಟಪ್ ಎಂದು ಅಷ್ಟೇ. ಸದ್ದು ಕಂಬಗಳ ಸಂದಿಯಿಂದ ಹೊರಗೆ ಹೋಗಿಬಿಟ್ಟಿತು. ಓಂ ಎಂದಳು, ಅದೂ ಬಳ್ಳಿಗಾವಿಯಂತೆ ತುಂಬಲಿಲ್ಲ. "ಇಲ್ಲಿ ಏನೂ ಇಲ್ಲ ಅಜ್ಜ" ಎಂದು ಬೇಜಾರು ಮಾಡಿಕೊಂಡಳು.

ನನಗೆ ಒಂದು ಅನುಮಾನ ಬಂತು. ಮಿಷನ್ ತೆಗೆದು ಮತ್ತೆ ಹಾಕಿಕೊಂಡೆ. "ಆ ಮೂಲೆಗೆ ಹೋಗಿ ಕೂತು ಏನಾದ್ರೂ ಹೇಳು, ಕೂಗಬೇಡ."

ಕಲ್ಲಾಸನದ ಮೇಲೆ ಕೂತು ಶಾಲೆಯ ಕತೆ ಶುರು ಮಾಡಿದಳು. ಗೆಳತಿಯ ಜೊತೆ ಜಗಳ, ಗಣಿತದ ಟೀಚರು, ಸೈಕಲ್ಲಿಂದ ಬಿದ್ದದ್ದು. ಎಲ್ಲ ಬಿಡಿಬಿಡಿಯಾಗಿ ಬಂತು, ಸ, ಶ, ಚ ಸಮೇತ. ಹಿಂದಿನ ಮಾತಿನ ಗುಂಗು ಮುಂದಿನ ಮಾತಿನ ಮೇಲೆ ಬೀಳುತ್ತಿರಲಿಲ್ಲ. ಬಳ್ಳಿಗಾವಿಯ ಒಳಮಂಟಪ ನಿಧಾನದ ಮಂತ್ರಕ್ಕೆ ಸರಿ. ಹತ್ತು ಜನ ಕೂತು ಮಾತಾಡಲು, ಕತೆ ಹೇಳಲು ಇಂಥ ತೆರೆದ ಮಂಟಪವೇ ಬೇಕು. ನಮ್ಮ ಹಳ್ಳಿಮನೆಗಳಲ್ಲಿ ಹರಟೆಗೆ ಜಗಲಿ ಇದ್ದದ್ದು ಸುಮ್ಮನೆ ಅಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಮೊಮ್ಮಗಳ ಕತೆಯೊಂದನ್ನು "ಆಂ?" ಎನ್ನದೆ ಕೊನೆಯವರೆಗೆ ಕೇಳಿದೆ. ಗೆಳತಿಯ ಜೊತೆ ಇನ್ನೂ ರಾಜಿಯಾಗಿಲ್ಲ ಎನ್ನುವಾಗ ಅವಳ ದನಿ ಸಣ್ಣಗೆ ನಡುಗಿದ್ದೂ ಕೇಳಿಸಿತು. ಬಾ ಎಂದು ಪಕ್ಕಕ್ಕೆ ಕರೆದು ಕೂರಿಸಿಕೊಂಡೆ.

ಹೊರಡುವಾಗ ಬಸ್ ಚಾರ್ಜಿಗೆಂದು ಅವಳು ಪರ್ಸ್ ತೆರೆದಳು. ಒಂದು ನಾಣ್ಯ ಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಟಿಣ್ ಎಂದದ್ದು ಸ್ಪಷ್ಟವಾಗಿ ಕೇಳಿತು. ನಾನು ತಿರುಗಿಯೂ ನೋಡದೆ, ಹಳೆಯ ಕ್ಯಾಶಿಯರನ ಗತ್ತಿನಲ್ಲಿ, "ಐದು ರೂಪಾಯಿ" ಎಂದೆ.

"ಎರಡು ರೂಪಾಯಿ ಅಜ್ಜ" ಎಂದಳು, ಎತ್ತಿ ತೋರಿಸಿ.