ಬೀಗವೂ ಭರಣಿಯೂ

ದಿಲ್ಲಿಗೆ ಬಂದು ನೆಲೆಸಿದ ಮೇಲೆ ಬಹುಕಾಲ ನಾವು ಊರಿಗೆ ಹೋಗಿಬಂದದ್ದೆಲ್ಲ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿಯೇ. ಪೆಟ್ಟಿಗೆಯನ್ನು ಸೀಟಿನ ಕೆಳಗೆ ನೂಕಿ, ಸರಪಳಿ ಬಿಗಿದು, ಬೀಗ ಜಡಿದು, ಬೀಗದ ಕೈಯನ್ನು ಮಾಂಗಲ್ಯದ ಸರಕ್ಕೆ ಪಿನ್ನಿನಿಂದ ಸಿಕ್ಕಿಸಿಕೊಂಡು ಎರಡು ರಾತ್ರಿ ಕೋಳಿನಿದ್ದೆ ಮಾಡುವುದು ನಮ್ಮ ಮನೆತನದಲ್ಲಿ ಬಂದ ವಿದ್ಯೆ. ಈ ವಿದ್ಯೆಗೆ ವಿಮಾನದಲ್ಲಿ ಬೆಲೆಯಿಲ್ಲ. ಅಲ್ಲಿ ಪೆಟ್ಟಿಗೆಯನ್ನು ಪಟ್ಟಿಯ ಮೇಲೆ ಇಟ್ಟು ಕೈಮುಗಿದರೆ ಆಯಿತು. ಮಗಳನ್ನು ಗಂಡನ ಮನೆಗೆ ಕಳುಹಿಸಿದಂತೆ.

ಗುಮಾಸ್ತೆಯ ಸಂಬಳದವರಿಗೆ ವಿಮಾನವೇಕೆ ಎಂದು ವಾಚಕರು ಕೇಳಬಹುದು. 2023ರ ಮೇ ತಿಂಗಳಲ್ಲಿ ರೈಲಿನಲ್ಲಿ ಸ್ಥಳ ಸಿಕ್ಕಲಿಲ್ಲ, ರಜೆಯೋ ಮುಗಿದಿತ್ತು. ಅಷ್ಟೆ.

ನಾವು ತಿಪಟೂರಿನ ಕಡೆಯವರು. ಕೊಬ್ಬರಿ ಕೊಡದೆ ಮನೆಯಿಂದ ಯಾರನ್ನೂ ಕಳುಹಿಸುವ ಪದ್ಧತಿ ನಮ್ಮಲ್ಲಿಲ್ಲ. ತಾಯಿಯವರು ಎರಡು ಸೇರಿನಷ್ಟು ಕೊಬ್ಬರಿ ತುಂಬಿದ್ದಲ್ಲದೆ, ತಮ್ಮ ತಾಯಿಯಿಂದ ಬಂದ ಬೆಳ್ಳಿಯ ಕುಂಕುಮದ ಭರಣಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, “ಇನ್ನು ಇದು ನಿಮ್ಮ ಮನೆಯದು” ಎಂದು ಕೊಟ್ಟರು. ಕೈಚೀಲದಲ್ಲಿ ಮಕ್ಕಳ ತಿಂಡಿ ತುಂಬಿತ್ತು. ಬಟ್ಟೆಗಳ ನಡುವೆ ಬೆಚ್ಚಗಿರಲಿ ಎಂದು ಭರಣಿಯನ್ನು ದೊಡ್ಡ ಪೆಟ್ಟಿಗೆಯಲ್ಲಿಯೇ ಇಟ್ಟೆವು.

ಒಣಕೊಬ್ಬರಿಯನ್ನು ವಿಮಾನದವರಿಗೆ ಒಪ್ಪಿಸುವ ಸಾಮಾನಿನಲ್ಲಿ ಇಡಬಾರದೆಂದು 2022ರಲ್ಲಿಯೇ ನಿಯಮವಾಗಿದೆ. ಎಣ್ಣೆ ಹೆಚ್ಚಾದ್ದರಿಂದ ಅದು ತಾನೇ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಂತೆ. ಕೊಬ್ಬರಿಯ ಊರಿನಲ್ಲಿ ಹುಟ್ಟಿದವರಿಗೆ ಇದು ತಿಳಿಯದೆ ಹೋಯಿತಲ್ಲ! ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಹೊತ್ತಿಗೆ ನಿಲ್ದಾಣದಲ್ಲಿ ನಮ್ಮ ಹೆಸರು ಕೂಗಿದರು. ಓಡಿಹೋಗಿ, ನಡುಗುವ ಕೈಯಿಂದ ಬೀಗ ತೆಗೆದು, ಬಟ್ಟೆಗಳನ್ನು ಮೇಜಿನ ಮೇಲೆ ರಾಶಿ ಹಾಕಿ, ಕೊಬ್ಬರಿಯನ್ನು ಒಪ್ಪಿಸಿ, ಸಿಕ್ಕಿದ್ದನ್ನು ಸಿಕ್ಕಿದಂತೆ ತುರುಕಿ ಮತ್ತೆ ಬೀಗ ಹಾಕಿದೆವು.

ದಿಲ್ಲಿಯಲ್ಲಿ ಪೆಟ್ಟಿಗೆ ತಿರುಗುತ್ತ ಬಂತು. ಬೀಗ ಭದ್ರವಾಗಿತ್ತು. ಸಂತೋಷದಿಂದ ಮನೆಗೆ ಒಯ್ದು, ಮರುದಿನ ಸಂಜೆ ತೆರೆದರೆ ಸೀರೆಯಿದೆ, ಭರಣಿಯಿಲ್ಲ. ಸೀರೆಯ ಮಡಿಕೆಯಲ್ಲಿ ಬೆರಳಿನ ಗುರುತಿನಷ್ಟು ಕುಂಕುಮ ಮಾತ್ರ ಇತ್ತು.

ಬೀಗವಿದ್ದೂ ಹೇಗೆ ಹೋಯಿತು ಎಂದು ಕಚೇರಿಯಲ್ಲಿ ಹೇಳಿಕೊಂಡಾಗ, ಪಕ್ಕದ ಮೇಜಿನ ಮಿತ್ರರು ಮರುಮಾತಾಡದೆ ಮನೆಗೇ ಬಂದರು. ಜೇಬಿನಿಂದ ಬಾಲ್‌ಪೆನ್ ತೆಗೆದು ಪೆಟ್ಟಿಗೆಯ ಜಿಪ್ಪಿನ ಹಲ್ಲುಗಳ ನಡುವೆ ಚುಚ್ಚಿದರು. ಜಿಪ್ಪು ಬಾಯಿ ಬಿಟ್ಟಿತು. ಕೈ ಹಾಕಿ ಒಂದು ಟವೆಲ್ ತೆಗೆದು, ಬೀಗದ ಸಮೇತ ಎಳೆತುದಿಗಳನ್ನು ಆಚೆಗೊಮ್ಮೆ ಈಚೆಗೊಮ್ಮೆ ಎಳೆದರು. ಹಲ್ಲು ಮತ್ತೆ ಕೂಡಿಕೊಂಡವು! ಬೀಗವನ್ನು ಯಾರೂ ಮುಟ್ಟಿರಲಿಲ್ಲ. ಇಷ್ಟು ವರ್ಷ ಟಿಪ್ಪಣಿ ಬರೆಯಲಷ್ಟೇ ಉಪಯೋಗಿಸಿದ ಪೆನ್ನಿಗೆ ಇಂಥ ಪ್ರತಿಭೆಯುಂಟೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅಮೆರಿಕದ ತಪಾಸಣೆಯವರು ಒಪ್ಪುವ ಬೀಗಗಳದೂ ಇದೇ ಕಥೆ. ಅವಕ್ಕೆ ಅವರಲ್ಲಿ ಸಾಮಾನ್ಯ ಕೀಲಿಕೈಗಳುಂಟು. ಆ ಕೈಗಳ ಚಿತ್ರ ಪತ್ರಿಕೆಯೊಂದರಲ್ಲಿ ಅಚ್ಚಾಗಿ, 2015ರಲ್ಲಿ ಯಂತ್ರದಿಂದ ನಕಲು ಮಾಡುವ ನಮೂನೆಗಳೂ ಹರಡಿದವು.

ಆದರೆ ಕದ್ದರೆಂದು ಆಣೆಯಿಟ್ಟು ಹೇಳಲು ನಮಗೆ ಬಾಯಿ ಬರುವುದಿಲ್ಲ. ಆ ಮೇಜಿನ ಮೇಲಿನ ರಾಶಿಯಲ್ಲಿ ಭರಣಿಯೂ ಹೊರಬಂದು ಅಲ್ಲಿಯೇ ಉಳಿಯಿತೇ? ನಮ್ಮಲ್ಲಿ ಒಬ್ಬರು ಹೌದೆನ್ನುತ್ತೇವೆ, ಒಬ್ಬರು ಅಲ್ಲವೆನ್ನುತ್ತೇವೆ.

ವಿಮಾನದ ಸಂಸ್ಥೆಗೆ ಬರೆದೆವು. ಬೆಳ್ಳಿ, ಬಂಗಾರ, ಹಣ ಇವನ್ನು ಒಪ್ಪಿಸುವ ಸಾಮಾನಿನಲ್ಲಿ ಇಡಬಾರದೆಂದು ನಿಬಂಧನೆಗಳಲ್ಲಿಯೇ ಇದೆ. ನಿಲ್ದಾಣ ಬಿಡುವ ಮೊದಲು ದೂರು ಕೊಡಲಿಲ್ಲವೇಕೆ. ವಿಷಾದಿಸುತ್ತೇವೆ ಎಂದು ಉತ್ತರ ಬಂತು. ಇಂಥ ಉತ್ತರಗಳನ್ನು ಬರೆದೇ ಹೊಟ್ಟೆ ಹೊರೆಯುವವರು ನಾವು. ಕರಡು ಚೆನ್ನಾಗಿತ್ತೆಂದು ಒಪ್ಪಲೇಬೇಕಾಯಿತು. ಮಕ್ಕಳನ್ನು ನೋಡಲು ಹೊರದೇಶಕ್ಕೆ ಹೋಗುವ ಸಂಘದ ಹಿರಿಯರು ಇದನ್ನು ನೆನಪಿಡಲಿ: 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿದೆ. ಅದರಂತೆ ಸಾಮಾನಿಗೆ ಹಾನಿಯಾದರೆ 7 ದಿನಗಳೊಳಗೆ, ತಡವಾಗಿ ಬಂದರೆ ಕೈಸೇರಿದ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ಚೀಟಿ ಎಸೆಯಬೇಡಿ.

ಈಗ ನಮ್ಮಲ್ಲಿ ಜಿಪ್ಪಿಲ್ಲದ, ಚಿಲಕದ ಗಟ್ಟಿ ಪೆಟ್ಟಿಗೆಯಿದೆ. ಮುಚ್ಚುವ ಮೊದಲು ಒಳಗಿನದರ ಫೋಟೋ ತೆಗೆಯುತ್ತೇವೆ, ಹಳೆಯ ಪ್ರಯಾಣದ ಚೀಟಿಗಳನ್ನು ಕಿತ್ತುಹಾಕುತ್ತೇವೆ, ಹೆಸರು ವಿಳಾಸವನ್ನು ಒಳಗೂ ಇಡುತ್ತೇವೆ. ಇಳಿದಲ್ಲಿ ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಹಿಂದಿನವರು ಗೊಣಗಿದರೂ ಸರಿಯೇ, ಅಲ್ಲಿಯೇ ತೆರೆದು ನೋಡುತ್ತೇವೆ. ಒಡವೆ ಕೈಚೀಲದಲ್ಲಿ, ಮಕ್ಕಳ ತಿಂಡಿ ಕೆಳಗೆ.

ತಾಯಿಯವರು ಶುಕ್ರವಾರ ಫೋನಿನಲ್ಲಿ ಕೇಳುತ್ತಾರೆ: “ಭರಣಿಗೆ ಕುಂಕುಮ ತುಂಬಿದಿರಾ?” ತುಂಬಿದೆವು ಅಮ್ಮ ಎನ್ನುತ್ತೇವೆ. ಸ್ಟೀಲಿನ ಡಬ್ಬಿಗೆ ತುಂಬಿರುವುದು ನಿಜವೇ. ನಮ್ಮ ಸಂಘದ ಪತ್ರಿಕೆ ತಿಪಟೂರಿಗೆ ಹೋಗುವುದಿಲ್ಲವೆಂಬ ಧೈರ್ಯದ ಮೇಲೆ ಇಷ್ಟನ್ನು ಬರೆದಿದ್ದೇವೆ.