ವ್ಯಾನಿನ ನಲ್ಲಿ ಮತ್ತು ಒಂದು ಮುದ್ದ್ ನೀರು

ನಮ್ಮ ಮದ್ರಸದ ಹಳೆಯ ವ್ಯಾನಿನ ಹಿಂಬದಿಯ ಸೀಟನ್ನು ತೆಗೆಸಿ, ಅಲ್ಲಿ 50 ಲೀಟರಿನ ಪ್ಲಾಸ್ಟಿಕ್ ಟ್ಯಾಂಕೊಂದನ್ನು ಕೂರಿಸಿ, ಹಿಂಬಾಗಿಲ ಬಳಿ ಹಿತ್ತಾಳೆಯ ನಲ್ಲಿ ಹಾಕಿಸಿ ಮೂರು ವರ್ಷಗಳಾದವು. ದೂರದ ಪ್ರಯಾಣದಲ್ಲಿ ಹಿರಿಯರೂ ಮಕ್ಕಳೂ ವುಝೂಗಾಗಿ ನೀರು ಹುಡುಕುತ್ತ ಅಲೆಯಬಾರದೆಂಬುದು ಉದ್ದೇಶ. ಹೊರದೇಶಗಳಲ್ಲಿ ಅಡುಗೆಮನೆ, ಹಾಸಿಗೆಗಳ ಸಹಿತ ಮನೆಯನ್ನೇ ಚಕ್ರಗಳ ಮೇಲೆ ಒಯ್ಯುವವರಿದ್ದಾರೆ. ನಮ್ಮ ವ್ಯಾನಿಗೆ ದೊರೆತದ್ದು ಒಂದು ನಲ್ಲಿ ಮಾತ್ರ.

ಆ ನಲ್ಲಿ ಕಳೆದ ಮಳೆಗಾಲದಿಂದ ತೊಟ್ಟಿಕ್ಕುತ್ತಿತ್ತು. ನಾವು ಅದರ ಬಾಯಿಗೆ ಬಟ್ಟೆ ಸುತ್ತಿ ಸುಮ್ಮನಾದೆವು. ಪ್ರವಾದಿಯವರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಪೂರೈಸುತ್ತಿದ್ದರೆಂದು ಅನಸ್(ರ) ಅವರಿಂದ ವರದಿಯಾದ ಹದೀಸ್ ಬುಖಾರಿಯಲ್ಲೂ ಮುಸ್ಲಿಮ್‌ನಲ್ಲೂ ಇದೆ. ಅದನ್ನು ಮಕ್ಕಳಿಗೆ ಪ್ರತಿ ವರ್ಷ ವಿವರಿಸುವವರೂ ನಾವೇ. ಮುದ್ದ್ ಎಂದರೆ ಎರಡು ಕೈಗಳ ಒಂದು ಬೊಗಸೆ. ಮದ್‌ಹಬ್‌ಗಳ ನಡುವೆ ಅಳತೆಯಲ್ಲಿ ವ್ಯತ್ಯಾಸವಿದ್ದರೂ ಮುಕ್ಕಾಲು ಲೀಟರಿನ ಆಸುಪಾಸು ಎಂದಿಟ್ಟುಕೊಳ್ಳಬಹುದು.

ಈಚೆಗೆ ವಯನಾಡಿನಲ್ಲಿ ಒಂದು ನಿಕಾಹ್ ಮುಗಿಸಿ ಮೈಸೂರಿಗೆ ಮರಳುತ್ತಿದ್ದೆವು. ನಮ್ಮೊಡನೆ ಚಾಲಕ, ಇಬ್ಬರು ವಿದ್ಯಾರ್ಥಿಗಳು ಮತ್ತು ಮೊಹಲ್ಲಾದ ಹಿರಿಯರಾದ ಹಾಜಿ ಸಾಹೇಬರಿದ್ದರು. ಸುಲ್ತಾನ್ ಬತ್ತೇರಿಯಿಂದ ಗುಂಡ್ಲುಪೇಟೆಗೆ ಬರುವ ರಸ್ತೆ ಬಂಡೀಪುರದ ಕಾಡನ್ನು ಸೀಳಿ ಬರುತ್ತದೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಹಗಲಿನಲ್ಲಿಯೂ ಕಾಡಿನ ನಡುವೆ ನಿಲ್ಲುವಂತಿಲ್ಲ. ದಾರಿಯಲ್ಲಿ ತಡವಾಯಿತು. ಕಾಡು ದಾಟಿ ಹೊಲಗಳ ಅಂಚಿಗೆ ಬಂದಾಗ ಸೂರ್ಯ ಕೆಂಪಾಗಿದ್ದ. ಅಸ್ರ್ ಖಝಾ ಆಗುವುದರಲ್ಲಿತ್ತು. ನಲ್ಲಿ ತಿರುಗಿಸಿದೆವು, ನೀರಿಲ್ಲ. ಹಿಂದಿನ ದಿನ ಬೆಳಿಗ್ಗೆ ತುಂಬಿಸಿದ್ದ ಟ್ಯಾಂಕು ಬರಿದಾಗಿತ್ತು.

ಎಲ್ಲರ ಬಾಟಲಿಗಳನ್ನು ಒಟ್ಟುಗೂಡಿಸಿದರೆ ಮೂರು ಲೀಟರಿನಷ್ಟಾಯಿತು. ಐವರಿಗೆ ತಲಾ ಒಂದು ಮುದ್ದೂ ಇಲ್ಲ. ಹಾಜಿ ಸಾಹೇಬರು ಕುಕ್ಕರುಗಾಲಲ್ಲಿ ಕುಳಿತು, ಬಾಟಲಿಯ ಮುಚ್ಚಳವನ್ನು ಅರ್ಧ ಮಾತ್ರ ಸಡಿಲಿಸಿ, ಎಳೆಯಂತೆ ನೀರು ಬಿಟ್ಟುಕೊಂಡು ವುಝೂ ಮುಗಿಸಿದರು. ಒಂದಂಗವೂ ಒಣಗಿ ಉಳಿಯಲಿಲ್ಲ. ಉಳಿದ ನೀರನ್ನು ನಮ್ಮತ್ತ ಚಾಚಿ, “ತಗೊಳ್ಳಿ ಮೌಲಾನಾ, ನಿಮಗೂ ಸಾಕಾಗುತ್ತೆ” ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಇದ್ದಿದ್ದರೆ ನಮಗೆ ಹಗುರವಾಗುತ್ತಿತ್ತೇನೋ.

ಮರುದಿನ ಟ್ಯಾಂಕಿಗೆ ನೀರು ತುಂಬಿಸಿ, ನಲ್ಲಿಯ ಕೆಳಗೆ ಕಾಲು ಲೀಟರಿನ ಲೋಟವಿಟ್ಟು ಗಡಿಯಾರ ನೋಡಿದೆವು. ಕಾಲು ಗಂಟೆಯಲ್ಲಿ ಲೋಟ ತುಂಬಿತು. ಎಂದರೆ ದಿನಕ್ಕೆ 24 ಲೀಟರು: 32 ಮಂದಿಯ ವುಝೂವಿನ ನೀರು.

ಟ್ಯಾಂಕು ಖಾಲಿ ಮಾಡಿ, ನೀರನ್ನು ಗಿಡಗಳಿಗೆ ಹಾಕಿ, ನಲ್ಲಿಯ ತಲೆಯನ್ನು ಸ್ಪ್ಯಾನರಿನಿಂದ ಬಿಚ್ಚಿದೆವು. ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ, ಅದರ ಮೇಲೆ ಉಂಗುರದಂತೆ ಗೆರೆ ಬಿದ್ದಿತ್ತು. ಸೋರುವ ನಲ್ಲಿಯನ್ನು ಬಲವಾಗಿ ತಿರುಗಿಸಿ ಬಿಗಿದಷ್ಟೂ ಆ ಗೆರೆ ಆಳವಾಗುತ್ತದೆ. ತಿಂಗಳುಗಟ್ಟಲೆ ನಾವು ಮಾಡಿದ್ದು ಅದನ್ನೇ. ಮಂಡಿ ಮೊಹಲ್ಲಾದ ಅಂಗಡಿಯೊಂದರಿಂದ ಅದೇ ಅಳತೆಯ ವಾಷರ್ ತಂದು ಹಾಕಿದೆವು. ನಲ್ಲಿಯ ಬಾಯಿ ಒಣಗಿತು. ಆದರೆ ಟ್ಯಾಂಕಿಗೆ ಸೇರುವ ಜಾಗದಲ್ಲಿ ಜಿನುಗು ನಿಲ್ಲಲಿಲ್ಲ.

ಟೆಫ್ಲಾನ್ ಟೇಪು ಸುತ್ತಿದೆವು; ತಿರುಗಿಸುವಾಗ ಅದು ಮುದ್ದೆಯಾಗಿ ಹೊರಬಂದಿತು. ಮತ್ತೆ ಅಂಗಡಿಗೆ ಹೋದಾಗ, ನಮ್ಮ ವಿದ್ಯಾರ್ಥಿಗಳ ವಯಸ್ಸಿನ ಹುಡುಗನೊಬ್ಬ ನಕ್ಕು, “ಹಜ್ರತ್, ಉಲ್ಟಾ ಸುತ್ತಿದ್ದೀರಿ” ಎಂದ. ಮರೆ ತಿರುಗುವ ದಿಕ್ಕಿನಲ್ಲೇ ಟೇಪನ್ನೂ ಎಳೆದು ಸುತ್ತಬೇಕು. ಅವನೇ ಮತ್ತೊಂದು ಮಾತು ಹೇಳಿದ: ಮನೆಯ ನಲ್ಲಿ ಅಲುಗುವುದಿಲ್ಲ, ಗಾಡಿಯ ನಲ್ಲಿ ಹಳ್ಳಹಳ್ಳಕ್ಕೂ ಅಲುಗುತ್ತದೆ, ಗಟ್ಟಿ ಪೈಪಿನ ಬದಲು ನಡುವೆ ಗೇಣುದ್ದದ ಬಳುಕುವ ಪೈಪು ಹಾಕಿ, ನಲ್ಲಿಯನ್ನು ಗಾಡಿಯ ಮೈಗೆ ಕ್ಲ್ಯಾಂಪಿನಿಂದ ಹಿಡಿಸಿದರೆ ಮರೆ ಸಡಿಲವಾಗದು. ಪ್ಲಾಸ್ಟಿಕ್ ಮರೆಯನ್ನು ಮಾತ್ರ ಕೈಯಿಂದ ಬಿಗಿದು, ಸ್ಪ್ಯಾನರಿನಲ್ಲಿ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿಸಬಾರದು; ಸೀಳಿದರೆ ಟ್ಯಾಂಕೇ ಹೋಯಿತು. ಹಾಗೆಯೇ ಮಾಡಿದೆವು. ರಾತ್ರಿಯಿಡೀ ಲೋಟವಿಟ್ಟು, ಫಜ್ರ್‌ನ ಬಳಿಕ ಟಾರ್ಚ್ ಹಿಡಿದು ನೋಡಿದರೆ ತಳದಲ್ಲಿ ಧೂಳು ಮಾತ್ರವಿತ್ತು.

ಕಳೆದ ವಾರ ಶ್ರೀರಂಗಪಟ್ಟಣಕ್ಕೆ ಹೊರಟಾಗ ಹಾಜಿ ಸಾಹೇಬರು ಹತ್ತುವ ಮೊದಲು ಹಿಂಬಾಗಿಲಿಗೆ ಬಂದು ನಲ್ಲಿಯ ಕೆಳಗೆ ಕೈಯೊಡ್ಡಿ ನೋಡಿದರು. ಏನೂ ಹೇಳಲಿಲ್ಲ. ತಮ್ಮ ಬಾಟಲಿಯನ್ನು ಮಾತ್ರ ಎಂದಿನಂತೆ ತುಂಬಿಸಿ ತಂದಿದ್ದರು.