ಹಳ್ಳದ ದಂಡೆಯಲ್ಲಿ ಒಂದು ರಾತ್ರಿ

ದಸರಾ ರಜೆ ಬಂದರೆ ನಮ್ಮ ಮನೆಯ ಮಕ್ಕಳದು ಒಂದೇ ಹಟ, 'ಕಾಡಿನಲ್ಲಿ ಟೆಂಟ್ ಹಾಕಿ ಮಲಗೋಣ!' ಉತ್ತರ ಕನ್ನಡದ ಸಿದ್ದಾಪುರದ ಕಡೆ ನನ್ನ ಚಿಕ್ಕಪ್ಪನ ಅಡಿಕೆ ತೋಟವಿದೆ. ತೋಟದ ಅಂಚಿಗೆ ಬೆಟ್ಟದಿಂದ ಇಳಿದು ಬರುವ ಹಳ್ಳ, ಹಳ್ಳದಾಚೆ ದಟ್ಟ ಕಾಡು. ಅನುಮತಿ ಇಲ್ಲದೆ ಕಾಡಿನೊಳಗೆ ತಂಗುವಂತಿಲ್ಲ. ಹಾಗಾಗಿ ಈಚೆ ದಡವೇ ನಮ್ಮ ಬಿಡಾರವಾಯಿತು.

ಈ ಹಳ್ಳ ಅಘನಾಶಿನಿಯನ್ನು ಸೇರುತ್ತದೆ. ಶಿರಸಿಯ ಬಳಿ ಹುಟ್ಟುವ ಆ ನದಿ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದೆ. ಅದರ ಕಣಿವೆಯ ಕಾಡು ಸಿಂಗಳೀಕಗಳ ಮನೆ. ಅದರ ದಡದ ಮಾವಿನ ಮರಗಳಿಂದಲೇ ನಮ್ಮ ಉಪ್ಪಿನಕಾಯಿಗೆ ಅಪ್ಪೆಮಿಡಿ.

ನೀರಿನ ಪಕ್ಕದಲ್ಲೇ ಬೆಳ್ಳನೆಯ ಮರಳು ಹಾಸಿಗೆಯಂತೆ ಹರಡಿತ್ತು. ಮಕ್ಕಳು ಅಲ್ಲೇ ಟೆಂಟ್ ಬಿಚ್ಚಿದರು. ಚಿಕ್ಕಪ್ಪ ನಿಂತು ನೋಡಿ, ನನ್ನ ಮಗನನ್ನು ಕರೆದರು.

"ಮಾಣಿ, ಆ ಲಕ್ಕಿ ಗಿಡದ ಕೊಂಬೆಯಲ್ಲಿ ಏನು ಸಿಕ್ಕಿಕೊಂಡಿದೆ?"

"ಹಕ್ಕಿ ಗೂಡು, ಅಜ್ಜ!"

"ಹತ್ತಿರ ಹೋಗಿ ನೋಡು."

ಒಣಗಿದ ಎಲೆ, ಕಡ್ಡಿ, ಬೇರುಗಳ ಗಂಟು. ಅವನ ಎದೆಯಷ್ಟು ಎತ್ತರದಲ್ಲಿತ್ತು.

"ಅದನ್ನು ಅಲ್ಲಿಟ್ಟಿದ್ದು ಹಳ್ಳ. ನೀರು ಎಲ್ಲಿವರೆಗೆ ಬರುತ್ತದೆ ಅಂತ ಅದೇ ಬರೆದಿಟ್ಟ ಲೆಕ್ಕ ಅದು. ಇಲ್ಲಿ ಮಳೆ ಬೀಳಬೇಕು ಅಂತಿಲ್ಲ, ಮೇಲೆ ಬೆಟ್ಟದಲ್ಲಿ ಬಿದ್ದರೆ ಸಾಕು."

ಮಕ್ಕಳ ಮುಖ ಬಾಡಿತು. ಆದರೂ ಗಂಟುಮೂಟೆ ಹೊತ್ತು ಎತ್ತರದ ಸಮತಟ್ಟು ಜಾಗಕ್ಕೆ ಹೋದೆವು. ಒಣಗಿದ ಮರ, ಜೋತುಬಿದ್ದ ಕೊಂಬೆ ತಲೆಯ ಮೇಲಿಲ್ಲವೆಂದು ನೋಡಿಕೊಂಡೇ ಟೆಂಟ್ ಕಟ್ಟಿದೆವು. ಅಡುಗೆ ಮಾತ್ರ ಕೆಳಗೆ, ಮರಳಿನಲ್ಲಿ. ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಕುದಿಸಿದ ನೀರು, ಬಿಸಿ ಗಂಜಿ, ಜೊತೆಗೆ ಉಪ್ಪಿನಕಾಯಿ. ಕಾಲಿಗೆ ಹತ್ತಿದ ಉಂಬಳಗಳಿಗೆ ಉಪ್ಪಿನ ಗಂಟು. ಊಟವಾದ ಮೇಲೆ ಕೆಂಡಕ್ಕೆ ನೀರು ಸುರಿದು, ಬೂದಿ ತಣ್ಣಗಾದದ್ದನ್ನು ಕೈಯಿಟ್ಟು ನೋಡಿ ಮಲಗಿದೆವು.

ಜೀರುಂಡೆಯ ಸದ್ದು, ಹಳ್ಳದ ಜುಳುಜುಳು. ದೂರದಲ್ಲಿ ಒಮ್ಮೆ ಗುಡುಗಿತು. ನಮ್ಮ ಟೆಂಟಿನ ಮೇಲೆ ನಾಲ್ಕು ಹನಿಯೂ ಬೀಳಲಿಲ್ಲ. ನಡುರಾತ್ರಿ ಎಚ್ಚರವಾದಾಗ ಜುಳುಜುಳು ಇರಲಿಲ್ಲ, ಭೋರೆಂಬ ಸದ್ದಿತ್ತು. ಮಗ ಕತ್ತಲಲ್ಲೇ ಅಜ್ಜನ ಕೈ ಹಿಡಿದುಕೊಂಡ.

ಬೆಳಗ್ಗೆ ನೋಡಿದರೆ ಮರಳಿನ ಹಾಸಿಗೆಯೇ ಇಲ್ಲ. ಅದರ ಮೇಲೆ ಕೆಂಪು ನೀರು ಹರಿಯುತ್ತಿತ್ತು. ನಮ್ಮ ಒಲೆಯ ಮೂರು ಕಲ್ಲುಗಳೂ ಕಾಣಲಿಲ್ಲ. ಯಾರೂ ಮಾತಾಡಲಿಲ್ಲ.

ಮಧ್ಯಾಹ್ನ ನೀರು ಇಳಿದಿತ್ತು. ಚಿಕ್ಕಪ್ಪ ಸರಿ ಎಂದ ಮೇಲೆ ಮಗ ಲಕ್ಕಿ ಗಿಡದ ಬಳಿ ಹೋದ. ಹಳೆಯ ಗಂಟಿಗಿಂತ ಒಂದು ಗೇಣು ಕೆಳಗೆ ಹಸಿ ಎಲೆಗಳು ಸುತ್ತಿಕೊಂಡಿದ್ದವು.

"ಅಜ್ಜ," ಎಂದು ಕೂಗಿದ, "ಇದು ನಿನ್ನೆ ರಾತ್ರಿಯ ಲೆಕ್ಕ!"